ಮೊದಲು ಗಮನಿಸಿದವರು ಯಾರಿಗೆ ಹೇಳಬೇಕು? ಸಣ್ಣ ದೇಶಗಳು ಭಯೋತ್ಪಾದನೆಯನ್ನು ಎದುರಿಸಿದ ಬಗೆಯ ಕುರಿತು

ಕುಂಬಳೆಯ ನಿವೃತ್ತ ಅಧ್ಯಾಪಕ

2016ರ ಮಳೆಗಾಲದಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ತುಂಬಿಕೊಂಡಿದ್ದುದು ಇಲ್ಲಿನ ಹೆಚ್ಚಿನವರಿಗೆ ನೆನಪಿರಬಹುದು. ಇಸ್ಲಾಮಿಕ್ ಸ್ಟೇಟ್ (ಐಎಸ್) ಉಗ್ರ ಸಂಘಟನೆಯವರು ನೆಲೆಯೂರಿದ್ದ ಅಫ್ಘಾನಿಸ್ತಾನದ ನಂಗರ್‌ಹಾರ್ ಪ್ರಾಂತ್ಯಕ್ಕೆ ಕೇರಳದಿಂದ ಹೊರಟುಹೋದ 21 ಮಂದಿಯಲ್ಲಿ ಬಹುಪಾಲು ತೃಕ್ಕರಿಪುರ, ಪಡನ್ನ ಪರಿಸರದವರಾಗಿದ್ದರು. ಕಲಿತವರು, ನೌಕರಿಯಲ್ಲಿದ್ದವರು, ಗರ್ಭಿಣಿಯರು, ಎಳೆಯ ಮಕ್ಕಳು ಆ ಗುಂಪಿನಲ್ಲಿದ್ದರು. ವಿಷಯ ಹೊರಬಿದ್ದದ್ದು ಮನೆಯವರಿಂದಲೇ. ಇನ್ನು ಹಿಂದಿರುಗುವುದಿಲ್ಲವೆಂಬ ಸಂದೇಶಗಳು ಮೊಬೈಲಿಗೆ ಬಂದ ಬಳಿಕ ಅವರು ಜನಪ್ರತಿನಿಧಿಗಳ ಬಳಿಗೂ ಪೊಲೀಸರ ಬಳಿಗೂ ಹೋದರು. ಅಷ್ಟರಲ್ಲಿ ಮಕ್ಕಳು ಗಡಿ ದಾಟಿಯಾಗಿತ್ತು.

ಆ ಸುದ್ದಿ ಓದಿದ ದಿನ ನನಗೆ ಬಹಳ ಹಿಂದಿನ ಒಂದು ನೋಟ್‌ಬುಕ್ಕಿನ ನೆನಪಾಯಿತು. ನಮ್ಮ ಶಾಲೆಯ ಒಬ್ಬ ಹುಡುಗ ಭೂಪಟ ಬಿಡಿಸುವುದರಲ್ಲಿ ಎತ್ತಿದ ಕೈ. ಚಂದ್ರಗಿರಿ, ಶಿರಿಯಾ, ಪಯಸ್ವಿನಿಗಳ ಹರಿವನ್ನು ನೋಡದೆಯೇ ಗೆರೆಯಲ್ಲಿ ಮೂಡಿಸುತ್ತಿದ್ದ. ಹತ್ತನೆಯ ತರಗತಿಯ ನಡುವೆ ಅವನು ಆಟದ ತಂಡ ಬಿಟ್ಟ, ಗೆಳೆಯರನ್ನು ಬಿಟ್ಟ, ಮಧ್ಯಾಹ್ನ ಊಟದ ಹೊತ್ತಿಗೆ ಮೆಟ್ಟಿಲ ಕೆಳಗೆ ಒಬ್ಬನೇ ಕುಳಿತಿರತೊಡಗಿದ. ಒಂದು ಸಂಜೆ ಭೂಗೋಳದ ನೋಟ್‌ಬುಕ್ಕುಗಳನ್ನು ತಿದ್ದುತ್ತಿದ್ದಾಗ ಅವನ ಪುಸ್ತಕದ ಕೊನೆಯ ಹಾಳೆ ತೆರೆದುಕೊಂಡಿತು. ಒಂದೇ ಬಂದೂಕಿನ ಚಿತ್ರವನ್ನು ಹತ್ತಾರು ಬಾರಿ, ಕಾಗದ ಹರಿಯುವಷ್ಟು ಒತ್ತಿ ಬಿಡಿಸಿದ್ದ. ಅದರ ಕೆಳಗೆ ಒಂದು ಸಮುದಾಯದ ಬಗ್ಗೆ, ಅವರೆಲ್ಲ ಇಲ್ಲವಾಗಬೇಕೆಂಬ ಅರ್ಥದ ಸಾಲುಗಳಿದ್ದವು. ನಾನು ಕೆಂಪು ಪೆನ್ನನ್ನು ಕೆಳಗಿಟ್ಟು, ಪುಸ್ತಕವನ್ನು ಮುಚ್ಚಿ, ರಾಶಿಯ ಅಡಿಗೆ ಸೇರಿಸಿದೆ.

ಯಾರಿಗೆ ಹೇಳಲಿ? ಅಪ್ಪ ಗಲ್ಫಿನಲ್ಲಿದ್ದರು. ತಾಯಿಗೆ ಹೇಳಿದರೆ ಆಕೆ ಕುಸಿದುಹೋಗುವರೆಂಬ ಅಂಜಿಕೆ. ಹೆಡ್‌ಮಾಷ್ಟ್ರಿಗೆ ಹೇಳಿದರೆ ಮಾತು ಸ್ಟಾಫ್ ರೂಮಿನಿಂದ ಪೇಟೆಗೆ ಹೋಗುತ್ತದೆ. ಠಾಣೆಗೆ ಹೋದರೆ ಹದಿನೈದರ ಹುಡುಗನ ಹೆಸರು ಒಂದು ಪಟ್ಟಿಯಲ್ಲಿ ಸೇರಿಕೊಂಡು ಪಾಸ್‌ಪೋರ್ಟ್ ಮಾಡಿಸುವ ಕಾಲಕ್ಕೂ ಬೆನ್ನು ಬಿಡದು. ಹೀಗೆ ಯೋಚಿಸುತ್ತಾ ನಾನು ಯಾರಿಗೂ ಹೇಳಲಿಲ್ಲ. ರಜೆಯಲ್ಲಿ ಊರಿಗೆ ಬಂದ ಸೋದರಮಾವ ಅವನನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ ಒಂದು ವರ್ಷ ಜೊತೆಗಿರಿಸಿಕೊಂಡರು. ಹುಡುಗ ದಾರಿಗೆ ಬಂದ. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ನಿವೃತ್ತನಾದ ಮೇಲೆ ಸಣ್ಣ ದೇಶಗಳು ಈ ಭಯೋತ್ಪಾದನೆಯ ಪಿಡುಗನ್ನು ಹೇಗೆ ಅರ್ಥ ಮಾಡಿಕೊಂಡವು ಎಂಬುದನ್ನು ಓದುತ್ತಿದ್ದೇನೆ. ಅಮೆರಿಕದಂತಹ ದೊಡ್ಡ ದೇಶದ ಕ್ರಮಗಳಿಂದ ನಮ್ಮಂತಹ ಊರಿಗೆ ಕಲಿಯಲಿಕ್ಕೆ ಹೆಚ್ಚೇನಿಲ್ಲವೆಂದು ನನ್ನ ಅನಿಸಿಕೆ. ಆದರೆ ಸಿಂಗಾಪುರದ ಮಾತು ಬೇರೆ. ಕಾಸರಗೋಡು ಜಿಲ್ಲೆಯ ವಿಸ್ತೀರ್ಣ 1,992 ಚದರ ಕಿಲೋಮೀಟರ್. ಸಿಂಗಾಪುರ ಅದರ ಅರ್ಧದಷ್ಟೂ ಇಲ್ಲ. ನಮ್ಮದು ಏಳು ಭಾಷೆಗಳ ನೆಲವಾದರೆ ಅವರದು ನಾಲ್ಕು ಅಧಿಕೃತ ಭಾಷೆಗಳ ದೇಶ. ಅಲ್ಲಿ 2001ರ ಡಿಸೆಂಬರ್‌ನಲ್ಲಿ ಜೆಮಾ ಇಸ್ಲಾಮಿಯಾ ಎಂಬ ಉಗ್ರಗಾಮಿ ಗುಂಪಿಗೆ ಸಂಬಂಧಿಸಿ 15 ಮಂದಿಯನ್ನು ಹಿಡಿದಾಗ ಅವರಲ್ಲಿ ಹೆಚ್ಚಿನವರು ಕೆಲಸ, ಸಂಸಾರ, ಸ್ವಂತ ಮನೆ ಇದ್ದ ಸಾಮಾನ್ಯ ನಾಗರಿಕರಾಗಿದ್ದರು. ವಿದೇಶಿ ರಾಯಭಾರ ಕಚೇರಿಗಳ ಮೇಲೆ, ಯೀಶುನ್ ರೈಲು ನಿಲ್ದಾಣದ ಪರಿಸರದಲ್ಲಿ ದಾಳಿ ನಡೆಸುವ ಸಿದ್ಧತೆ ನಡೆದಿತ್ತು. 2003ರ ಜನವರಿಯಲ್ಲಿ ಸರಕಾರ ಶ್ವೇತಪತ್ರ ಹೊರಡಿಸಿ ತನಗೆ ತಿಳಿದುದನ್ನು ಜನರ ಮುಂದಿಟ್ಟಿತು. ಅದೇ ವರ್ಷ ಅಲ್ಲಿನ ಉಸ್ತಾದರು, ಅಂದರೆ ಇಸ್ಲಾಂ ಧರ್ಮ ಬೋಧಿಸುವವರು, ತಾವಾಗಿ ಮುಂದೆ ಬಂದು, ಬಂಧಿತರ ಜೊತೆ ಕುಳಿತು ಧರ್ಮದ ತಪ್ಪು ವ್ಯಾಖ್ಯಾನಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಧಾರ್ಮಿಕ ಪುನರ್ವಸತಿ ಬಳಗವೊಂದನ್ನು ಕಟ್ಟಿದರು.

ಅಲ್ಲಿ ಇದ್ದು ಬಂದವರು ಇಲ್ಲಿದ್ದಾರೆಂದು ಬಲ್ಲೆ. ದಯವಿಟ್ಟು ಬರೆಯಿರಿ. ನನ್ನ ಪ್ರಶ್ನೆ ಇಷ್ಟೇ: ನನ್ನ ಸ್ಥಾನದಲ್ಲಿ ಅಲ್ಲಿನ ಒಬ್ಬ ಅಧ್ಯಾಪಕ ಇದ್ದಿದ್ದರೆ ಯಾರಿಗೆ ಹೇಳುತ್ತಿದ್ದ?


ಉಪ್ಪಳದ ದಾದಿ

ಮಾಷ್ಟ್ರೇ, ನಾನು ಒಂಬತ್ತು ವರ್ಷ ಸಿಂಗಾಪುರದಲ್ಲಿ ದಾದಿಯಾಗಿ ಕೆಲಸ ಮಾಡಿ ಊರಿಗೆ ಮರಳಿದವಳು. ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ.

ಅಲ್ಲಿನ ಹೆಚ್ಚಿನ ಜನ ಸರಕಾರ ಕಟ್ಟಿಸಿದ ಎತ್ತರದ ಮನೆಗಳಲ್ಲಿ ವಾಸಿಸುತ್ತಾರೆ. 1989ರಿಂದ ಪ್ರತಿ ಕಟ್ಟಡದಲ್ಲೂ ಚೀನೀ, ಮಲಾಯ್, ಭಾರತೀಯ ಕುಟುಂಬಗಳಿಗೆ ಇಂತಿಷ್ಟು ಪಾಲು ಎಂದು ಮಿತಿ ಇದೆ. ಒಂದೇ ಜನಾಂಗದವರು ಒಂದೇ ಕಡೆ ತುಂಬಿಕೊಳ್ಳುವಂತಿಲ್ಲ. ಕಟ್ಟಡದ ನೆಲ ಅಂತಸ್ತನ್ನು ಗೋಡೆಯಿಲ್ಲದೆ ತೆರೆದು ಬಿಟ್ಟಿರುತ್ತಾರೆ. ನಾನಿದ್ದ ಕಡೆ ಒಂದು ವಾರ ಅಲ್ಲಿ ಮಲಾಯ್ ಮದುವೆಯ ಬಿರಿಯಾನಿ ಬೇಯುತ್ತಿದ್ದರೆ ಮುಂದಿನ ವಾರ ಅದೇ ಜಾಗದಲ್ಲಿ ಚೀನೀ ಮುದುಕರೊಬ್ಬರ ಶವಪೆಟ್ಟಿಗೆಯ ಮುಂದೆ ಊದುಬತ್ತಿ ಹೊಗೆಯಾಡುತ್ತಿತ್ತು. ಬಿಳಿ ಪ್ಲಾಸ್ಟಿಕ್ ಕುರ್ಚಿಗಳು ಎರಡಕ್ಕೂ ಒಂದೇ. ರಾತ್ರಿ ಪಾಳಿ ಮುಗಿಸಿ ಬರುವಾಗ ಅವುಗಳ ನಡುವೆಯೇ ನಡೆದು ಲಿಫ್ಟಿಗೆ ಹೋಗಬೇಕಿತ್ತು. ಮನೆ ಮಾರುವಾಗ ತಮ್ಮ ಜನಾಂಗದ ಪಾಲು ಮುಗಿದಿದ್ದರೆ ಒಳ್ಳೆಯ ಬೆಲೆ ಸಿಗುವುದಿಲ್ಲವೆಂದು ದೂರುವ ಭಾರತೀಯರನ್ನೂ ಕಂಡಿದ್ದೇನೆ. ಇದು ಯಾರಿಗೂ ತೊಂದರೆ ಕೊಡದ ನಿಯಮವೇನಲ್ಲ.

2002ರಲ್ಲಿ, ಜೆಮಾ ಇಸ್ಲಾಮಿಯಾ ಬಂಧನಗಳ ಬೆನ್ನಿಗೇ, ಪ್ರತಿ ಕ್ಷೇತ್ರದಲ್ಲೂ ಮಸೀದಿ, ದೇವಸ್ಥಾನ, ಇಗರ್ಜಿ, ಗುರುದ್ವಾರಗಳ ಪ್ರಮುಖರು ಒಟ್ಟಾಗಿ ಕುಳಿತುಕೊಳ್ಳುವ ವಿಶ್ವಾಸ ಕೂಟಗಳನ್ನು ಆರಂಭಿಸಿದರು. ದಾಳಿ ಮುಂದೊಂದು ದಿನ ನಡೆದೇ ನಡೆಯುತ್ತದೆ ಎಂದು ಎಣಿಸಿಕೊಂಡು, ಮರುದಿನ ಬೆಳಿಗ್ಗೆ ನೆರೆಯವರು ಒಬ್ಬರ ಮುಖ ಒಬ್ಬರು ನೋಡುವಂತಿರಬೇಕು ಎಂಬುದು ಅದರ ಹಿಂದಿನ ಆಲೋಚನೆ. 2016ರಿಂದ ಎಸ್‌ಜಿ ಸೆಕ್ಯೂರ್ ಎಂಬ ಅಭಿಯಾನದಡಿ ನಮ್ಮಂತಹ ಆಸ್ಪತ್ರೆಯವರಿಗೂ, ಅಂಗಡಿಯವರಿಗೂ ತರಬೇತಿ ಕೊಡುತ್ತಿದ್ದರು.

ಬಂಧಿತರ ಮನೆಯವರ ವಿಷಯದಲ್ಲಿ ಅವರು ಮಾಡಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ದುಡಿಯುವವನು ಜೈಲಿಗೆ ಹೋದಾಗ ಹೆಂಡತಿಗೆ ಕೆಲಸ, ಮಕ್ಕಳಿಗೆ ಶಾಲೆ ಮತ್ತು ಟ್ಯೂಷನ್, ಮನೆಗೆ ಹಣಕಾಸು ನೋಡಿಕೊಳ್ಳಲು ಮಲಾಯ್ ಮುಸ್ಲಿಂ ಸಂಘಸಂಸ್ಥೆಗಳೇ ಸೇರಿ ಪ್ರತ್ಯೇಕ ಬಳಗ ಮಾಡಿಕೊಂಡವು. ಅಪ್ಪನ ತಪ್ಪಿಗೆ ಹಸಿದ ಮಗ ಹತ್ತು ವರ್ಷದ ಬಳಿಕ ಯಾರ ಮಾತು ಕೇಳುತ್ತಾನೆಂಬುದನ್ನು ಅವರು ಮೊದಲೇ ಯೋಚಿಸಿದ್ದರು.

ಇನ್ನೊಂದು ವಿಷಯ. ಇದು ಒಂದೇ ಧರ್ಮದವರ ಸಮಸ್ಯೆಯೆಂದು ಅಲ್ಲಿಯೂ ಹಲವರು ತಿಳಿದಿದ್ದರು. 2020ರ ಡಿಸೆಂಬರ್‌ನಲ್ಲಿ 16 ವರ್ಷದ ಒಬ್ಬ ವಿದ್ಯಾರ್ಥಿಯನ್ನು ಬಂಧಿಸಿದರು. ಭಾರತೀಯ ಮೂಲದ ಪ್ರಾಟೆಸ್ಟೆಂಟ್ ಕ್ರೈಸ್ತ ಹುಡುಗ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಹತ್ಯಾಕಾಂಡದ ವಿಡಿಯೊ ನೋಡಿ, ಅದರ ಎರಡನೆಯ ವರ್ಷದ ದಿನವೇ, ಅಂದರೆ 2021ರ ಮಾರ್ಚ್ 15ರಂದು, ತನ್ನ ಮನೆಯ ಹತ್ತಿರದ ಎರಡು ಮಸೀದಿಗಳಿಗೆ ನುಗ್ಗಲು ಯೋಜನೆ ಹಾಕಿದ್ದ. ಈ ಬಾರಿ ಅವನ ಜೊತೆ ಕುಳಿತು ಮಾತನಾಡಲು ಕ್ರೈಸ್ತ ಧರ್ಮದ ಸಲಹೆಗಾರರು ಬೇಕಾದರು. ಮುಸ್ಲಿಂ ಮುಖಂಡರು ಅವನ ಮೇಲೆ ಹರಿಹಾಯಲಿಲ್ಲ. ಕ್ರೈಸ್ತ ಮುಖಂಡರ ಜೊತೆ ನಿಂತು ಮಾತನಾಡಿದರು. 2024ರ ಜನವರಿಯಲ್ಲಿ ಅವನನ್ನು ಷರತ್ತಿನ ಮೇಲೆ ಬಿಟ್ಟರು.

ನಿಮ್ಮ ಪ್ರಶ್ನೆಗೆ ಉತ್ತರ: ಅಲ್ಲಿನ ಅಧ್ಯಾಪಕ ಶಾಲೆಯ ಸಲಹೆಗಾರರಿಗೆ ಹೇಳಬಹುದು, ಉಸ್ತಾದರ ಆ ಬಳಗದ ಸಹಾಯವಾಣಿಗೆ ಫೋನ್ ಮಾಡಬಹುದು, ಆಂತರಿಕ ಭದ್ರತಾ ಇಲಾಖೆಗೂ ತಿಳಿಸಬಹುದು. ಬಾಗಿಲುಗಳಿವೆ.


ಕಾಸರಗೋಡಿನ ವಕೀಲೆ

ಉಪ್ಪಳದ ಅಕ್ಕ ಬರೆದುದರಲ್ಲಿ ತಪ್ಪಿಲ್ಲ. ಆದರೆ ಆ ಬಾಗಿಲುಗಳ ಹಿಂದೆ ಇರುವ ಕೋಣೆಯ ಬಗ್ಗೆಯೂ ಹೇಳದೆ ಇದ್ದರೆ ಚರ್ಚೆ ಅರ್ಧವಾಗುತ್ತದೆ.

ಸಿಂಗಾಪುರದ ಆಂತರಿಕ ಭದ್ರತಾ ಕಾಯಿದೆಯ ಪ್ರಕಾರ ಒಬ್ಬನನ್ನು ನ್ಯಾಯಾಲಯದ ವಿಚಾರಣೆಯೇ ಇಲ್ಲದೆ ಎರಡು ವರ್ಷ ಬಂಧನದಲ್ಲಿಡಬಹುದು. ಎರಡು ವರ್ಷ ಮುಗಿದಾಗ ಮತ್ತೆ ಎರಡು ವರ್ಷ, ಮತ್ತೆ ಎರಡು ವರ್ಷ. ಸಲಹಾ ಮಂಡಳಿಯೊಂದಿದೆ, ನಿಜ. ಬಹಿರಂಗ ವಿಚಾರಣೆ, ಸಾಕ್ಷಿಯ ಪಾಟೀಸವಾಲು ಇಲ್ಲ. ವಿಚಾರಣೆಯಿಲ್ಲದೆ ಬಂಧಿಸುವ ಇಂಥ ಅಧಿಕಾರವನ್ನು ಭಯೋತ್ಪಾದಕರ ಕಾಲಕ್ಕಿಂತ ಬಹಳ ಮೊದಲು ರಾಜಕೀಯ ವಿರೋಧಿಗಳ ಮೇಲೆ ಬಳಸಿದ ಇತಿಹಾಸವಿದೆ. 1963ರ ಫೆಬ್ರವರಿಯಲ್ಲಿ ಆಪರೇಷನ್ ಕೋಲ್ಡ್‌ಸ್ಟೋರ್ ಎಂಬ ಹೆಸರಿನಲ್ಲಿ ಎಡಪಂಥೀಯರನ್ನೂ ಕಾರ್ಮಿಕ ನಾಯಕರನ್ನೂ ನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹಿಡಿದು ಒಳಗೆ ಹಾಕಿದರು. ಸಂಸದರಾಗಿದ್ದ ಚಿಯಾ ಥೈ ಪೋ ಅವರನ್ನು 1966ರಲ್ಲಿ ಬಂಧಿಸಿ 1989ರ ವರೆಗೆ, ಅಂದರೆ 23 ವರ್ಷ, ಒಂದೇ ಒಂದು ಆರೋಪವನ್ನೂ ನ್ಯಾಯಾಲಯದಲ್ಲಿ ಸಾಬೀತುಪಡಿಸದೆ ಸೆರೆಯಲ್ಲಿರಿಸಿದರು; ಆಮೇಲೆಯೂ ಒಂದು ದ್ವೀಪದಲ್ಲಿ ನಿರ್ಬಂಧದಲ್ಲಿಟ್ಟರು. ಎಲ್ಲ ನಿರ್ಬಂಧಗಳು ತೆರವಾದುದು 1998ರಲ್ಲಿ.

ಸಣ್ಣ ದೇಶದಲ್ಲಿ ಅಧಿಕಾರವೂ ಬಹಳ ಹತ್ತಿರದಲ್ಲಿರುತ್ತದೆ ಎಂಬುದನ್ನು ನಾವು ಮರೆಯಬಾರದು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಕಾಳಜಿ ಬೇಗ ತಲಪುತ್ತದೆ, ಸಂಶಯವೂ ಅಷ್ಟೇ ಬೇಗ ತಲಪುತ್ತದೆ.

ನಮ್ಮಲ್ಲಿಯೂ ಈ ತೊಡಕು ಇದೆ. 1967ರ ಕಾನೂನುಬಾಹಿರ ಚಟುವಟಿಕೆ ತಡೆ ಕಾಯಿದೆ, ಎಲ್ಲರೂ ಯುಎಪಿಎ ಎಂದು ಕರೆಯುವಂಥದ್ದು, 2008ರ ತಿದ್ದುಪಡಿಯ ಬಳಿಕ ಆರೋಪಪಟ್ಟಿ ಸಲ್ಲಿಸುವ ಮೊದಲೇ 180 ದಿನಗಳ ವರೆಗೆ ಬಂಧನಕ್ಕೆ ಎಡೆ ಮಾಡಿಕೊಟ್ಟಿದೆ, ಜಾಮೀನು ಬಹಳ ಕಷ್ಟ. 2021ರ ಫೆಬ್ರವರಿಯಲ್ಲಿ, ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ, ಐದು ವರ್ಷಕ್ಕಿಂತ ಹೆಚ್ಚು ಕಾಲ ವಿಚಾರಣೆ ಮುಗಿಯದೆ ಜೈಲಿನಲ್ಲಿದ್ದವನಿಗೆ ಹೈಕೋರ್ಟ್ ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ತ್ವರಿತ ವಿಚಾರಣೆಯ ಮೂಲಭೂತ ಹಕ್ಕಿನ ಮುಂದೆ ಜಾಮೀನಿನ ಆ ಬಿಗಿ ನಿಯಮ ಸಡಿಲವಾಗಬೇಕೆಂಬುದು ತೀರ್ಪಿನ ಸಾರ. ಆ ಆರೋಪ ಬಹಳ ಗಂಭೀರವಾದದ್ದೇ ಆಗಿತ್ತು. ಹಾಗಿದ್ದೂ ನ್ಯಾಯಾಲಯ ಹಾಗೆ ಹೇಳಿತು.

ಮಾಷ್ಟ್ರು ನೋಟ್‌ಬುಕ್ಕನ್ನು ರಾಶಿಯ ಅಡಿಗೆ ಸೇರಿಸಿದ್ದನ್ನು ನಾನು ದೂಷಿಸಲಾರೆ. ಬಾಗಿಲು ತಟ್ಟಿದರೆ ಒಳಗೆ ಏನಾಗುತ್ತದೆಂದು ತಿಳಿಯದ ಮನುಷ್ಯ ಅದನ್ನು ತಟ್ಟುವುದಿಲ್ಲ. ಕಾನೂನು ಮೊದಲೇ ಸ್ಪಷ್ಟವಾಗಿ ಹೇಳಬೇಕು: ಇಂಥ ಮಾತನ್ನು ಇಂಥವರಿಗೆ ಹೇಳಿದರೆ ಹುಡುಗನ ಮೇಲೆ ಪ್ರಕರಣ ದಾಖಲಾಗದು, ಇಂಥ ಹಂತ ದಾಟಿದರೆ ಮಾತ್ರ ಪೊಲೀಸರಿಗೆ ಹೋಗುತ್ತದೆ.


ಮಂಜೇಶ್ವರದ ವ್ಯಾಪಾರಿ

ನಾನು ಬ್ಯಾರಿ. ನಮ್ಮ ಮಸೀದಿಯ ಜಮಾಅತ್ ಸಮಿತಿಯಲ್ಲಿ ಕೆಲವು ವರ್ಷ ಇದ್ದವನು. ವ್ಯಾಪಾರದ ನಿಮಿತ್ತ ಕೊಲಂಬೊಗೆ ಹಲವು ಬಾರಿ ಹೋಗಿದ್ದೇನೆ, ಹೀಗಾಗಿ ಶ್ರೀಲಂಕಾದ ಬಗ್ಗೆ ಬರೆಯುತ್ತೇನೆ.

2019ರ ಏಪ್ರಿಲ್ 21, ಈಸ್ಟರ್ ಭಾನುವಾರ, ಕೊಲಂಬೊ, ನೆಗೊಂಬೊ, ಬಟ್ಟಿಕಲೋವಾಗಳ ಮೂರು ಇಗರ್ಜಿಗಳಲ್ಲೂ ಕೊಲಂಬೊದ ಮೂರು ದೊಡ್ಡ ಹೋಟೆಲುಗಳಲ್ಲೂ ಆತ್ಮಹತ್ಯಾ ಬಾಂಬುಗಳು ಸಿಡಿದು 260ಕ್ಕಿಂತ ಹೆಚ್ಚು ಜನ ಸತ್ತರು. ಮುಖ್ಯಸ್ಥ ಜಹ್ರಾನ್ ಹಾಶಿಂ ಕಾತ್ತಾನ್‌ಕುಡಿ ಎಂಬ ಮುಸ್ಲಿಂ ಊರಿನವನು. ಅವನ ಭಾಷಣಗಳು ಅಪಾಯಕಾರಿ ಎಂದು ಅದೇ ಊರಿನ ಮುಸ್ಲಿಮರು ವರ್ಷಗಳ ಮೊದಲೇ ಅಧಿಕಾರಿಗಳಿಗೆ ದೂರು ಕೊಟ್ಟಿದ್ದರು. 2017ರ ಮಾರ್ಚ್‌ನಲ್ಲಿ ಅಲ್ಲಿನ ಸೂಫಿಗಳ ಮೇಲೆ ಅವನ ಗುಂಪು ಕತ್ತಿ ಹಿಡಿದು ಹೋದ ಮೇಲೆ ಅವನು ತಲೆಮರೆಸಿಕೊಂಡ. 2018ರ ಡಿಸೆಂಬರ್‌ನಲ್ಲಿ ಮಾವನೆಲ್ಲದಲ್ಲಿ ಬುದ್ಧನ ಮೂರ್ತಿಗಳನ್ನು ಒಡೆದರು. 2019ರ ಜನವರಿಯಲ್ಲಿ ಪುತ್ತಳಂ ಕಡೆಯ ತೆಂಗಿನ ತೋಟವೊಂದರಲ್ಲಿ ಸ್ಫೋಟಕಗಳ ರಾಶಿಯೇ ಸಿಕ್ಕಿತು. ಏಪ್ರಿಲ್ 4ರಂದು ಭಾರತದಿಂದ ಎಚ್ಚರಿಕೆಯೂ ಹೋಯಿತು. ಹೇಳಬೇಕಾದವರೆಲ್ಲ ಹೇಳಿದ್ದರು, ಅನ್ಯ ದೇಶವೂ ಹೇಳಿತ್ತು. ಕೇಳಬೇಕಾದವರಲ್ಲಿ ರಾಷ್ಟ್ರಪತಿಗೂ ಪ್ರಧಾನಿಗೂ ಮಾತಿಲ್ಲ. ಪ್ರಧಾನಿಯನ್ನು ದೇಶದ ಭದ್ರತಾ ಮಂಡಳಿಯ ಸಭೆಗೆ ಕರೆಯುವುದನ್ನೇ ಬಿಟ್ಟಿದ್ದರು. 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಾಜಿ ರಾಷ್ಟ್ರಪತಿ ಸಿರಿಸೇನ ಅವರು ತಮ್ಮ ಕೈಯಿಂದ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪು ನೀಡಿತು.

ಆಮೇಲೆ ಆದದ್ದು ನನ್ನ ಎದೆಯಲ್ಲಿ ಕುಳಿತಿದೆ. ಬಾಂಬಿಟ್ಟವರ ಹೆಣಗಳನ್ನು ದಫನ ಮಾಡಲು ಮುಸ್ಲಿಂ ಧರ್ಮಗುರುಗಳೇ ಒಪ್ಪಲಿಲ್ಲ. ಆದರೂ ಮೇ ತಿಂಗಳಲ್ಲಿ ಕುರುಣೇಗಲ, ಮಿನುವಂಗೊಡ ಕಡೆಗಳಲ್ಲಿ ಮುಸ್ಲಿಮರ ಅಂಗಡಿ, ಮನೆ, ಮಸೀದಿಗಳಿಗೆ ಬೆಂಕಿ ಬಿತ್ತು. ಮೊದಲು ದೂರು ಕೊಟ್ಟವರ ಸಮುದಾಯವೇ ಶಿಕ್ಷೆ ಅನುಭವಿಸಿತು. ಮುಂದಿನ ಬಾರಿ ಅಂಥವನೊಬ್ಬ ಕಂಡಾಗ ಯಾರು ದೂರು ಕೊಡಲು ಹೋಗುತ್ತಾರೆ?

ನಮ್ಮದೇ ಸಮುದ್ರದ ಆಚೆಗಿನ ಮಾಲ್ದೀವ್ಸ್ ನೋಡಿ. ಜನಸಂಖ್ಯೆ 5 ಲಕ್ಷದ ಆಸುಪಾಸು, ನಮ್ಮ ಜಿಲ್ಲೆಯ ಅರ್ಧಕ್ಕಿಂತ ಕಡಿಮೆ. 2007ರ ಸೆಪ್ಟೆಂಬರ್‌ನಲ್ಲಿ ರಾಜಧಾನಿ ಮಾಲೆಯ ಸುಲ್ತಾನ್ ಪಾರ್ಕಿನಲ್ಲಿ ಬಾಂಬು ಸಿಡಿದು 12 ಪ್ರವಾಸಿಗರಿಗೆ ಗಾಯವಾಯಿತು. ಎಚ್ಚರಿಕೆಯ ಮಾತು ಬರೆದ ಪತ್ರಕರ್ತ ಅಹ್ಮದ್ ರಿಲ್ವಾನ್ 2014ರ ಆಗಸ್ಟ್‌ನಲ್ಲಿ ಕಾಣೆಯಾದರು. ಅವರಿಗಾಗಿ ದನಿಯೆತ್ತಿದ ಗೆಳೆಯ ಯಾಮೀನ್ ರಶೀದ್ ಅವರನ್ನು 2017ರಲ್ಲಿ ಮನೆಯ ಮೆಟ್ಟಿಲಲ್ಲೇ ಇರಿದು ಕೊಂದರು. ಅಷ್ಟು ಸಣ್ಣ ಊರಿನಲ್ಲಿ ಯಾರು ಮಾಡಿದರೆಂದು ಜನರಿಗೆ ಅಂದಾಜಿಲ್ಲದೆ ಇರಲಿಲ್ಲ. ಹೇಳುವ ಧೈರ್ಯ ಮಾತ್ರ ಯಾರಿಗೂ ಉಳಿದಿರಲಿಲ್ಲ.

ನಮ್ಮ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಉತ್ಸವಕ್ಕೆ ಮೊದಲು ದೈವಪಾತ್ರಿಗಳು ಸಾವಿರ ಜಮಾಅತಿನ ಮಸೀದಿಗೆ ಬಂದು ಆಮಂತ್ರಣ ಕೊಡುವ ಕ್ರಮ ಇಂದಿಗೂ ನಡೆಯುತ್ತಿದೆ. ಚಿಕ್ಕವನಿದ್ದಾಗ ಅಜ್ಜನ ಕೈ ಹಿಡಿದು ನೋಡಿದ್ದೇನೆ. ಆ ದಿನ ಮಸೀದಿಯ ಅಂಗಳದಲ್ಲಿ ನಿಂತ ಹಿರಿಯರಿಗೆ ಪರಸ್ಪರರ ಮಕ್ಕಳ ಹೆಸರೂ ಗೊತ್ತಿರುತ್ತಿತ್ತು. ಹಾಗೆ ಗೊತ್ತಿರುವವರ ನಡುವೆ ಒಂದು ಹುಡುಗನ ಬಗ್ಗೆ ಆತಂಕದ ಮಾತನ್ನು ಆಡಲು ಸಾಧ್ಯ. ಗೊತ್ತಿಲ್ಲದವರ ನಡುವೆ ಅದೇ ಮಾತು ಆರೋಪವಾಗುತ್ತದೆ.


ಮುಳ್ಳೇರಿಯದ ಮಾಜಿ ಸೈನಿಕ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಆದರೆ ಚರ್ಚೆ ಸಂಪೂರ್ಣವಾಗಿ ಮನಸ್ಸು ತಿದ್ದುವುದರ ಕಡೆಗೆ ವಾಲುತ್ತಿದೆ ಎಂದು ನನಗೆ ಅನಿಸುತ್ತದೆ. ತಿದ್ದಲಾಗದವರೂ ಇರುತ್ತಾರೆ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 2021ರ ಸೆಪ್ಟೆಂಬರ್ 3ರಂದು ಸೂಪರ್‌ಮಾರ್ಕೆಟ್ ಒಂದರ ಚಾಕುವನ್ನೇ ಎತ್ತಿಕೊಂಡು ಜನರನ್ನು ಇರಿದವನ ಬಗ್ಗೆ ಸರಕಾರಕ್ಕೆ ಎಲ್ಲವೂ ಗೊತ್ತಿತ್ತು. ಹಗಲಿರುಳು ಅವನ ಹಿಂದೆ ಪೊಲೀಸರಿದ್ದರು. ದಾಳಿಯ ಸಿದ್ಧತೆಯೇ ಅಪರಾಧವೆಂದು ಹೇಳುವ ಕಾನೂನು ಇಲ್ಲದ ಕಾರಣ ಹಿಂದಿನ ವರ್ಷ ನ್ಯಾಯಾಲಯ ಆ ಆರೋಪವನ್ನು ಒಪ್ಪಿರಲಿಲ್ಲ. ಹಿಂದೆಯೇ ಇದ್ದ ಪೊಲೀಸರು ಕೆಲವೇ ನಿಮಿಷಗಳಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ಅಷ್ಟರಲ್ಲಿ ಹಲವರಿಗೆ ಇರಿತವಾಗಿತ್ತು. ಕಾನೂನು ತಿದ್ದುಪಡಿಯಾದದ್ದು ಅದೇ ತಿಂಗಳ ಕೊನೆಗೆ.

ಅದೇ ದೇಶದ ಕ್ರೈಸ್ಟ್‌ಚರ್ಚ್‌ನಲ್ಲಿ 2019ರ ಮಾರ್ಚ್ 15ರಂದು ಎರಡು ಮಸೀದಿಗಳಲ್ಲಿ 51 ಮಂದಿಯನ್ನು ಕೊಂದವನು ಒಬ್ಬ ಬಿಳಿಯ ಉಗ್ರವಾದಿ. ಬಂದೂಕು ಪರವಾನಗಿಗೆ ಅವನನ್ನು ಬಲ್ಲವರ ಸಾಕ್ಷ್ಯ ಬೇಕಿತ್ತು. ಆನ್‌ಲೈನ್ ಆಟದಲ್ಲಿ ಪರಿಚಯವಾದ ಗೆಳೆಯನೂ ಆ ಗೆಳೆಯನ ಹೆತ್ತವರಲ್ಲೊಬ್ಬರೂ ಸಾಕ್ಷಿ ಹೇಳಿದರು, ಪರವಾನಗಿ ಸಿಕ್ಕಿತು. 2018ರ ಜುಲೈಯಲ್ಲಿ ಮನೆಯೊಳಗೆ ತನ್ನದೇ ಬಂದೂಕಿನಿಂದ ಗಾಯ ಮಾಡಿಕೊಂಡು ಆಸ್ಪತ್ರೆಗೆ ಹೋದಾಗಲೂ ವಿಷಯ ಪೊಲೀಸರಿಗೆ ತಲಪಲಿಲ್ಲ, ಯಾಕೆಂದರೆ ತಿಳಿಸಲೇಬೇಕೆಂಬ ನಿಯಮವಿರಲಿಲ್ಲ. ಇವು ಉಪದೇಶದಿಂದ ಸರಿಯಾಗುವ ಲೋಪಗಳಲ್ಲ, ಕಚೇರಿಯ ಕೆಲಸದ ಲೋಪಗಳು. ದಾಳಿಯಾಗಿ ಒಂದು ತಿಂಗಳೊಳಗೆ, ಏಪ್ರಿಲ್ 10ರಂದು, ಸೇನಾ ಮಾದರಿಯ ಅರೆಸ್ವಯಂಚಾಲಿತ ಬಂದೂಕುಗಳನ್ನು ನಿಷೇಧಿಸುವ ಮಸೂದೆಯನ್ನು ಅಲ್ಲಿನ ಸಂಸತ್ತು 119ಕ್ಕೆ 1 ಮತದಿಂದ ಅಂಗೀಕರಿಸಿತು. ಅಷ್ಟು ವೇಗ ಸಣ್ಣ ದೇಶಕ್ಕೆ ಮಾತ್ರ ಸಾಧ್ಯ.

ನಾರ್ವೆಯ ಒಂದು ಸಂಗತಿಯನ್ನು ನಾನು ಮರೆಯಲಾರೆ. 2011ರ ಜುಲೈ 22ರಂದು ಓಸ್ಲೊದಲ್ಲಿ ಬಾಂಬು ಸಿಡಿದ ಹತ್ತು ನಿಮಿಷದೊಳಗೆ ಒಬ್ಬ ನಾಗರಿಕ ಪೊಲೀಸರಿಗೆ ಫೋನ್ ಮಾಡಿ, ಪೊಲೀಸ್ ಸಮವಸ್ತ್ರದಂಥ ಉಡುಪಿನಲ್ಲಿ ಪಿಸ್ತೂಲು ಹಿಡಿದು ಹೋದವನ ಚಹರೆಯನ್ನೂ ಅವನು ಹತ್ತಿದ ವಾಹನದ ನಂಬರನ್ನೂ ಕೊಟ್ಟಿದ್ದ. ಅದನ್ನು ಬರೆದುಕೊಂಡ ಚೀಟಿ ಸುಮಾರು 20 ನಿಮಿಷ ಮೇಜಿನ ಮೇಲೆ ಬಿದ್ದಿತ್ತು. ಆ ಮನುಷ್ಯ ಉಟೋಯಾ ದ್ವೀಪಕ್ಕೆ ಹೋಗಿ 69 ಮಂದಿಯನ್ನು ಕೊಂದ, ಹೆಚ್ಚಿನವರು ಹದಿಹರೆಯದವರು. ಮರುವರ್ಷ ವರದಿ ಕೊಟ್ಟ ತನಿಖಾ ಆಯೋಗ ಏನನ್ನೂ ಮುಚ್ಚಿಡದೆ ಇದನ್ನೆಲ್ಲ ಬರೆಯಿತು. ಸರಕಾರಿ ಕಚೇರಿಗಳ ಮುಂದಿನ ಬೀದಿಯನ್ನು ವಾಹನಗಳಿಗೆ ಮುಚ್ಚುವ ನಿರ್ಧಾರ ಮೊದಲೇ ಆಗಿದ್ದು ಜಾರಿಯಾಗದೆ ಉಳಿದಿತ್ತೆಂಬುದನ್ನೂ ಹೇಳಿತು.

ಮೊದಲು ಗಮನಿಸಿದವರು ಯಾರಿಗೆ ಹೇಳಬೇಕೆಂದು ಮಾಷ್ಟ್ರು ಕೇಳಿದ್ದಾರೆ. ಹೇಳಿದ ಮೇಲೆ ಆ ಚೀಟಿ ಯಾರ ಕೈಗೆ ಹೋಗುತ್ತದೆ, ಎಷ್ಟು ಹೊತ್ತಿನಲ್ಲಿ ಹೋಗುತ್ತದೆ ಎಂಬುದನ್ನೂ ಕೇಳಬೇಕು.


ಪೆರ್ಲದ ಓದುಗ

ಮಾಷ್ಟ್ರು ಆ ಹುಡುಗನ ಧರ್ಮ ಯಾವುದೆಂದು ಬರೆದಿಲ್ಲ. ಚರ್ಚೆಗೆ ಅದು ಮುಖ್ಯವಲ್ಲವೇ?


ಕುಂಬಳೆಯ ನಿವೃತ್ತ ಅಧ್ಯಾಪಕ

ಬರೆಯುವುದಿಲ್ಲ. ಅವನು ಈಗ ದುಡಿದು ಸಂಸಾರ ನಡೆಸುವ ಮನುಷ್ಯ. ನಾನು ಧರ್ಮ ಹೇಳಿದ ಗಳಿಗೆಯಿಂದ ಈ ಚರ್ಚೆ ಅರ್ಧ ಜನರಿಗೆ ಸಮಾಧಾನವನ್ನೂ ಉಳಿದರ್ಧಕ್ಕೆ ಅವಮಾನವನ್ನೂ ಕೊಟ್ಟು ಮುಗಿದುಹೋಗುತ್ತದೆ. ನೋಟ್‌ಬುಕ್ಕಿನ ಆ ಹಾಳೆಯನ್ನು ಯಾವ ಧರ್ಮದ ಹುಡುಗನೂ ಬರೆಯಬಹುದಿತ್ತು. ಸಿಂಗಾಪುರದ 16ರ ಹುಡುಗ, ನಾರ್ವೆಯ ಕೊಲೆಗಾರ, ಕಾತ್ತಾನ್‌ಕುಡಿಯವನು, ಇವರ ಮಾತುಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಶತ್ರುವಿನ ಹೆಸರು ಮಾತ್ರ ಬೇರೆ.

ಮಾಜಿ ಸೈನಿಕರ ಮಾತನ್ನು ಒಪ್ಪುತ್ತೇನೆ. ನ್ಯೂಜಿಲೆಂಡಿನ ಬಗ್ಗೆ ಒಂದು ಮಾತು ಸೇರಿಸಬೇಕು. ತಮ್ಮ ಮೇಲೆ ದ್ವೇಷ ಹೆಚ್ಚುತ್ತಿದೆ ಎಂದು ಅಲ್ಲಿನ ಮುಸ್ಲಿಂ ಮಹಿಳೆಯರ ಸಂಘಟನೆ ದಾಳಿಗಿಂತ ಮೊದಲಿನ ವರ್ಷಗಳಲ್ಲಿ ಸರಕಾರದ ಕಚೇರಿಗಳಿಗೆ ಮತ್ತೆ ಮತ್ತೆ ಹೋಗಿ ಹೇಳಿತ್ತು. 2020ರ ಡಿಸೆಂಬರ್‌ನಲ್ಲಿ ಬಂದ, ಆ ದಾಳಿಯ ತನಿಖೆ ನಡೆಸಿದ ಉನ್ನತ ಆಯೋಗದ (ರಾಯಲ್ ಕಮಿಷನ್) ವರದಿ, ಬೇಹು ಸಂಸ್ಥೆಗಳ ಗಮನವೆಲ್ಲ ಇಸ್ಲಾಮಿನ ಹೆಸರಿನ ಉಗ್ರವಾದದ ಕಡೆಗೇ ಅತಿಯಾಗಿ ಸರಿದಿತ್ತೆಂದು ಹೇಳಿತು. ಗಮನ ಬೇರೆ ಕಡೆ ಇದ್ದಿದ್ದರೂ ಆ ಒಬ್ಬನನ್ನು ಹಿಡಿಯಲು ಆಗುತ್ತಿತ್ತೆಂದು ಅದು ಹೇಳಲಿಲ್ಲ, ಅದನ್ನೂ ಬರೆಯುವುದು ನ್ಯಾಯ.

ವಕೀಲೆಯವರು ಕೇಳಿದ ಸ್ಪಷ್ಟತೆಗೆ ಹತ್ತಿರದ ಉದಾಹರಣೆ ಡೆನ್ಮಾರ್ಕಿನ ಆರ್ಹುಸ್ ನಗರ. ಡೆನ್ಮಾರ್ಕಿನಲ್ಲಿ ಶಾಲೆ, ಸಮಾಜ ಕಲ್ಯಾಣ ಇಲಾಖೆ, ಪೊಲೀಸ್ ಮೂವರೂ ಒಂದು ಮೇಜಿನ ಸುತ್ತ ಕುಳಿತು ದಾರಿ ತಪ್ಪುವ ಮಕ್ಕಳ ಬಗ್ಗೆ ಮಾತನಾಡುವ ಪದ್ಧತಿ ದಶಕಗಳಿಂದ ಇದೆ. ಮಾದಕ ವಸ್ತು, ಕಳ್ಳತನದಂಥ ವಿಷಯಗಳಿಗಾಗಿ ಹುಟ್ಟಿದ್ದು. ಆರ್ಹುಸ್ ಅದನ್ನೇ ಉಗ್ರವಾದಕ್ಕೂ ಬಳಸಿಕೊಂಡಿತು. ತಾಯಿಯೋ ಅಧ್ಯಾಪಕನೋ ಫೋನ್ ಮಾಡಿದರೆ ಅದು ಮೊದಲು ಈ ಮೇಜಿಗೆ ಬರುತ್ತದೆ. ಅಪರಾಧ ನಡೆದಿದ್ದರೆ ಮೊಕದ್ದಮೆ. ನಡೆದಿಲ್ಲದಿದ್ದರೆ ಹುಡುಗನಿಗೆ ಒಬ್ಬ ಮಾರ್ಗದರ್ಶಿ, ನಿಂತುಹೋದ ಓದು ಮುಂದುವರಿಸಲು ಸಹಾಯ. ಆ ಊರಿನಿಂದ 2013ರ ವರೆಗೆ ಸುಮಾರು 30 ಯುವಕರು ಸಿರಿಯಾಕ್ಕೆ ಹೋಗಿದ್ದರು. ಅವರಲ್ಲಿ ಹಲವರು ಹೋಗಿಬರುತ್ತಿದ್ದ ಮಸೀದಿಯನ್ನು ಮುಚ್ಚಿಸದೆ, ಅದರ ಹಿರಿಯರನ್ನೇ ಮಾತುಕತೆಗೆ ಕರೆದರು. ಮರುವರ್ಷ ಹೊರಟವರು ಬೆರಳೆಣಿಕೆಗೂ ಸಾಲದಷ್ಟು. ಇದೆಲ್ಲ ಆ ಮೇಜಿನಿಂದಲೇ ಆಯಿತೆಂದು ಸಾಧಿಸಲಾಗದು; ಯುದ್ಧದ ಸ್ವರೂಪವೂ ಬದಲಾಗುತ್ತಿತ್ತು. ಆದರೆ ಫೋನ್ ಮಾಡಿದ ತಾಯಿಗೆ ಮುಂದೇನಾಗುತ್ತದೆಂದು ಮೊದಲೇ ತಿಳಿದಿತ್ತು.

ನಮ್ಮಲ್ಲಿ ಇಂಥ ಮೇಜಿಗೆ ಬೇಕಾದ ಕುರ್ಚಿಗಳು ಆಗಲೇ ಇವೆ ಎಂಬುದು ನನ್ನ ನಂಬಿಕೆ. 2008ರಿಂದ ಕೇರಳದಲ್ಲಿ ಜನಮೈತ್ರಿ ಪೊಲೀಸ್ ವ್ಯವಸ್ಥೆ ಇದೆ, ಬೀಟ್ ಪೊಲೀಸರು ಮನೆಮನೆಗೆ ಬಂದು ಪರಿಚಯ ಮಾಡಿಕೊಳ್ಳುತ್ತಾರೆ. 2010ರಿಂದ ಶಾಲೆಗಳಲ್ಲಿ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಇದೆ. ಮಹಿಳೆಯರ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ನೆರೆಕರೆ ಕೂಟಗಳು, ಆಶಾ ಕಾರ್ಯಕರ್ತೆಯರು, ಶಾಲಾ ಆಪ್ತಸಲಹೆಗಾರರು, ಜಮಾಅತ್, ಭಜನಾ ಮಂದಿರ, ಇಗರ್ಜಿ, ಎಲ್ಲವೂ ಇವೆ. ಒಟ್ಟಿಗೆ ಕುಳಿತುಕೊಳ್ಳುವ ಅಭ್ಯಾಸ ಇಲ್ಲ.


ಬದಿಯಡ್ಕ ಪರಿಸರದ ಆಪ್ತಸಲಹೆಗಾರ್ತಿ

ಮಾಷ್ಟ್ರು ಹೇಳಿದ ಕುರ್ಚಿಗಳಲ್ಲಿ ಒಂದರ ಮೇಲೆ ನಾನು ಕೆಲವು ವರ್ಷ ಕುಳಿತವಳು. ಆ ಅನುಭವದಿಂದ ಒಂದು ಸಂಗತಿಯನ್ನು ತಿಳಿಸಬೇಕು, ಯಾಕೆಂದರೆ ಇದುವರೆಗೆ ಬರೆದವರು ಯಾರೂ ಅದನ್ನು ಮುಟ್ಟಿಲ್ಲ.

ನಾನು ಕೆಲಸಕ್ಕೆ ಸೇರಿದ ಕನ್ನಡ ಮಾಧ್ಯಮ ಶಾಲೆಯಲ್ಲಿ ನನಗಿಂತ ಮೊದಲು ಇದ್ದ ಸಲಹೆಗಾರ್ತಿ ತೆಂಕಣ ಜಿಲ್ಲೆಯಿಂದ ಬಂದವರು, ಒಳ್ಳೆಯ ಮನಸ್ಸಿನವರು, ತಮ್ಮ ಕೆಲಸ ಬಲ್ಲವರು. ಅವರಿಗೆ ಮಲಯಾಳ ಬಿಟ್ಟರೆ ಇಂಗ್ಲಿಷ್ ಮಾತ್ರ ಬರುತ್ತಿತ್ತು. ಶಾಲೆಯ ಮಕ್ಕಳು ಮನೆಯಲ್ಲಿ ತುಳು, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ ಆಡುವವರು. ಮಲಯಾಳ ಎಲ್ಲರಿಗೂ ಅರ್ಥವಾಗುತ್ತದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಸಾಕಾಗುತ್ತದೆ. ಆದರೆ ರಾತ್ರಿ ನಿದ್ದೆ ಬಾರದಷ್ಟು ಸಿಟ್ಟು ಯಾರ ಮೇಲೆ ಎಂದು ಕೇಳಿದಾಗ ಹದಿನಾಲ್ಕರ ಹುಡುಗ ಅಂಗಡಿಯ ಭಾಷೆಯಲ್ಲಿ ಉತ್ತರ ಕೊಡುವುದಿಲ್ಲ. ಅವರು ಬರೆದಿಟ್ಟು ಹೋದ ದಾಖಲೆ ಪುಸ್ತಕದಲ್ಲಿ ಹಲವು ಮಕ್ಕಳ ಹೆಸರಿನ ಮುಂದೆ ಒಂದೇ ಮಾತಿತ್ತು: ಮಾತನಾಡುವುದಿಲ್ಲ.

ಆ ಮಕ್ಕಳಲ್ಲಿ ಒಬ್ಬನನ್ನು ನಾನು ಕರೆಸಿ, ಕೋಣೆಯಲ್ಲಿ ಕುಳ್ಳಿರಿಸದೆ, ಬಾವಿಕಟ್ಟೆಯ ಹತ್ತಿರ ನಿಂತು ತುಳುವಿನಲ್ಲಿ ಊಟವಾಯಿತೇ ಎಂದು ಕೇಳಿದೆ. ಮೊದಲ ದಿನ ಹೌದೆಂದ. ಎರಡನೆಯ ವಾರ ಮೊಬೈಲು ತೋರಿಸಿದ. ಯಾರೋ ಸೇರಿಸಿದ ಗುಂಪೊಂದರಲ್ಲಿ ದಿನಕ್ಕೆ ನೂರಾರು ವಿಡಿಯೊಗಳು ಬರುತ್ತಿದ್ದವು, ಹೆಣಗಳದ್ದು, ಬೆಂಕಿಯದ್ದು, ಯಾವ ದೇಶದ್ದು ಯಾವ ಕಾಲದ್ದು ಎಂದು ತಿಳಿಯದಂಥವು. ಪ್ರತಿಯೊಂದರ ಕೆಳಗೂ ಇದು ನಿನ್ನ ಜನರ ಮೇಲೆ ನಡೆದದ್ದು ಎಂಬ ಸಾಲು. ನಾವಿಬ್ಬರೂ ಕುಳಿತು ಅವುಗಳಲ್ಲಿ ಒಂದೊಂದನ್ನೇ ಹುಡುಕಿ ನೋಡಿದೆವು. ಮೊದಲು ನೋಡಿದ ಮೂರರಲ್ಲಿ ಎರಡು ನಮ್ಮ ದೇಶದ್ದೇ ಆಗಿರಲಿಲ್ಲ. ಮೂರನೆಯದು ನಿಜವಾಗಿತ್ತು. ನಿಜವಾದುದನ್ನು ನಿಜವೆಂದು ನಾನು ಒಪ್ಪಿಕೊಂಡ ಮೇಲೆಯೇ ಅವನಿಗೆ ನನ್ನ ಮೇಲೆ ನಂಬಿಕೆ ಬಂದದ್ದು.

ಸಿಂಗಾಪುರದಲ್ಲಿ ಕ್ರೈಸ್ತ ಹುಡುಗನಿಗೆ ಕ್ರೈಸ್ತ ಸಲಹೆಗಾರರನ್ನು ಕರೆಸಿದ್ದನ್ನು ಉಪ್ಪಳದ ಅಕ್ಕ ಬರೆದಾಗ ನನಗೆ ಇದೇ ನೆನಪಾಯಿತು. ಹಾಗಾಗಿ ಮಾಷ್ಟ್ರಲ್ಲಿ ನನ್ನ ವಿನಂತಿ: ಪಂಚಾಯತಿನ ಮುಂದೆ ಇಡಲು ಮನವಿ ಬರೆಯುವುದಾದರೆ, ಪೊಲೀಸ್, ಶಾಲೆ, ಜಮಾಅತ್, ಮಂದಿರಗಳ ಪಟ್ಟಿಯ ಜೊತೆಗೆ ಕನ್ನಡ, ತುಳು, ಬ್ಯಾರಿ ಬಲ್ಲ ಸಲಹೆಗಾರರನ್ನು ನಮ್ಮ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಶಾಲೆಗಳಿಗೆ ನೇಮಿಸಬೇಕೆಂಬುದನ್ನು ಮೊದಲ ಬೇಡಿಕೆಯಾಗಿ ಬರೆಯಿರಿ. ಸಹಿ ಹಾಕಲು ನಾನಿದ್ದೇನೆ. ಆ ಹುಡುಗನ ತಾಯಿಯನ್ನೂ ಕೇಳುತ್ತೇನೆ.